ಹಳೇ ಟ್ರಯಂಫ್, ನಾರ್ಟನ್‌ಗಳಲ್ಲಿ ಆಯಿಲ್ ಲೀಕ್ ಹುಡುಕೋಕೆ ಟಾಲ್ಕಮ್ ಪೌಡರ್
ಟ್ರಯಂಫ್ ಬಾನ್‌ವಿಲ್, ನಾರ್ಟನ್ ಕಮಾಂಡೋ ಥರದ ಹಳೇ ಬೈಕಲ್ಲಿ ಆಯಿಲ್ ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಗ್ತಿಲ್ಲ ಅಂದ್ರೆ ಇಂಜಿನ್ ತಣ್ಣಗಿರುವಾಗ ಡೀಗ್ರೀಸರ್ (ಜಿಡ್ಡು ತೆಗೆಯೋ ದ್ರಾವಣ) ಹಾಕಿ ತೊಳೆದು, ಪೂರ್ತಿ ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ (ಕಾರ್ಬ್ಯುರೇಟರ್ ಬಾಯಿಗೆ ಮಾತ್ರ ಹೋಗಬಾರದು, ಬಟ್ಟೆ ಮುಚ್ಚಿ, ಆಮೇಲೆ ತೆಗೀರಿ), ನಿಧಾನಕ್ಕೆ ಒಂದು ಸಣ್ಣ ರೌಂಡ್ ಹೋಗಿಬನ್ನಿ. ಬಿಳಿ ಪುಡಿ ಮೇಲೆ ಕಪ್ಪು ಗೆರೆ ಎಲ್ಲಿ ಶುರುವಾಗಿದ್ಯೋ ಲೀಕ್ ಅಲ್ಲೇ. ಆಯಿಲ್ ಕೆಳಗಿಳಿದು ಗಾಳಿಗೆ ಹಿಂದಕ್ಕೆ ಹರಡುತ್ತಲ್ಲ, ಅದಕ್ಕೇ ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಭಾಗ) ಒದ್ದೆಯಾಗಿದ್ರೂ ಟ್ರಯಂಫ್‌ನಲ್ಲಿ ಎಷ್ಟೋ ಸಲ ಲೀಕ್ ಇರೋದು ಮೇಲಿರೋ ಪುಶ್‌ರಾಡ್ ಟ್ಯೂಬ್ (ವಾಲ್ವ್ ತೆರೆಯೋ ಕಡ್ಡಿಗಳಿರೋ ಕೊಳವೆ) ಸೀಲ್‌ನಲ್ಲಿ. ಆದ್ರೆ ತಿಂಗಳುಗಟ್ಟಲೆ ನಿಂತ ಗಾಡಿಗೆ ಇದು ಕೆಲಸ ಮಾಡಲ್ಲ, ಆಯಿಲ್ ಟ್ಯಾಂಕಲ್ಲಿರೋ ಆಯಿಲ್ ಪಂಪ್ ದಾಟಿ ಕ್ರ್ಯಾಂಕ್‌ಕೇಸ್‌ಗೆ ಇಳಿದಿರುತ್ತೆ, ಸ್ಟಾರ್ಟ್ ಮಾಡಿದ್ರೆ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಹೋಗೋ ದಾರಿ), ಜಾಯಿಂಟ್ ಎಲ್ಲಾ ಕಡೆಯಿಂದ ಉಕ್ಕುತ್ತೆ. ಮೊದಲು ಅದನ್ನ ಡ್ರೇನ್ ಮಾಡಿ, ದಯವಿಟ್ಟು ಸುಮ್ನೆ ಗ್ಯಾಸ್ಕೆಟ್‌ಗೆ ದುಡ್ಡು ಸುರೀಬೇಡಿ.