ಆಟ ಹೇಳದೇ ಇದ್ದ ನಿಯಮ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜವನ್ನು ಸಿಪ್ಪೆ ಬಿಡಿಸಿ ಹದ ಮಾಡುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುವುದು ನನ್ನ ಕೆಲಸ. ಒಮ್ಮೆ ಮಾರ್ಚ್ ಕೊನೆಯಲ್ಲಿ ಒಬ್ಬ ಪಾರ್ಟಿಯ ಸ್ಟೇಟ್‌ಮೆಂಟಿಗೂ ನಮ್ಮ ಲೆಡ್ಜರಿಗೂ 360 ರೂಪಾಯಿ ವ್ಯತ್ಯಾಸ ಬಂತು. ಹೊಸದಾಗಿ ಸೇರಿದ್ದ ಹುಡುಗ ಏಪ್ರಿಲ್‌ನಿಂದ ಒಂದೊಂದೇ ವೋಚರ್ ತೆಗೆದು ನೋಡಲು ಕೂತ. ನಾನು ತಡೆದೆ. 360 ಅನ್ನೋದು 9ರಿಂದ ಭಾಗವಾಗುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಹತ್ತು ನಿಮಿಷದಲ್ಲಿ ಸಿಕ್ಕಿತು. 5,842 ಇರಬೇಕಾದಲ್ಲಿ 5,482 ಎಂದು ಬರೆದಿದ್ದೆವು.

ಇದನ್ನು ಮೊದಲು ಹೇಳಿದ್ದು ಯಾಕೆಂದರೆ, ಪಝಲ್ ಆಟಗಳಲ್ಲಿ ನಾನು ಎರಡು ವರ್ಷ ಆ ಹುಡುಗನ ಹಾಗೇ ಆಡುತ್ತಿದ್ದೆ. ಸಿಕ್ಕಿಹಾಕಿಕೊಂಡರೆ ಎಲ್ಲವನ್ನೂ ಮೊದಲಿನಿಂದ ಒತ್ತಿ ನೋಡುವುದು. ತಪ್ಪು ಯಾವ ಥರದ್ದು ಅಂತ ಯೋಚಿಸುತ್ತಲೇ ಇರಲಿಲ್ಲ.

ಆಟದ ಹುಚ್ಚು ಹಿಡಿಸಿದ್ದು ನನ್ನ ತಮ್ಮ. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಕೊಂಡಿದ್ದ ಲ್ಯಾಪ್‌ಟಾಪನ್ನು ಕೆಲಸ ಸಿಕ್ಕಿದ ಮೇಲೆ ನನಗೆ ಕೊಟ್ಟ. ಅದರಲ್ಲಿ ಒಂದಷ್ಟು ಇಂಡೀ ಆಟಗಳಿದ್ದವು. ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ, ನಾಲ್ಕಾರು ಜನ ಸೇರಿಯೋ ಮಾಡುವ ಆಟಗಳಿಗೆ ಹಾಗೆ ಹೇಳುತ್ತಾರೆ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಸುಮ್ನೆ ಕೂತು ಯೋಚಿಸಬೇಕು. ಸಂಜೆ ಏಳಕ್ಕೆ ಮನೆಗೆ ಬಂದು ತಲೆ ಕೆಟ್ಟಿರುವಾಗ ಇನ್ನೊಮ್ಮೆ ತಲೆ ಕೆಡಿಸಿಕೊಳ್ಳಲು ಯಾರು ಕೂರುತ್ತಾರೆ ಅಂತ ಅಮ್ಮ ಕೇಳುತ್ತಿದ್ದರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ.

ಮೊದಲು ಹಿಡಿದಿದ್ದು 'ದಿ ವಿಟ್ನೆಸ್'. ಜೊನಾಥನ್ ಬ್ಲೋ ಅವರ ತಂಡ 2016ರ ಜನವರಿಯಲ್ಲಿ ಬಿಟ್ಟ ಆಟ. ಯಾರೂ ಇಲ್ಲದ ಒಂದು ದ್ವೀಪ, ಅದರ ತುಂಬ ಚೌಕಳಿ ಹಾಕಿದ ಫಲಕಗಳು. ಒಟ್ಟು ಐನೂರಕ್ಕೂ ಹೆಚ್ಚು ಒಗಟುಗಳು. ಪ್ರತಿ ಫಲಕದಲ್ಲೂ ಮಾಡಬೇಕಾದ್ದು ಒಂದೇ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೆರೆ ಎಳೆಯುವುದು. ಆದರೆ ಹೇಗೆ ಎಳೆಯಬೇಕು ಅಂತ ಯಾರೂ ಒಂದು ಮಾತು ಹೇಳುವುದಿಲ್ಲ. ಸುಲಭದ ಫಲಕಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಅವುಗಳಿಂದಲೇ ನಿಯಮ ಕಲಿಯಬೇಕು.

ಅಲ್ಲಿ ಒಂದು ಜೌಗು ಪ್ರದೇಶವಿದೆ. ಫಲಕದ ಮನೆಗಳಲ್ಲಿ ಹಳದಿ ಬಣ್ಣದ ಪುಟ್ಟ ಆಕಾರಗಳಿರುತ್ತವೆ, ಮೂರು ಚೌಕ ಸೇರಿ ಒಂದು ಮೂಲೆ, ನಾಲ್ಕು ಚೌಕದ ಒಂದು ಪಟ್ಟಿ, ಹೀಗೆ. ಗೆರೆಯಿಂದ ಅದೇ ಆಕಾರದ ಜಾಗವನ್ನು ಬೇರ್ಪಡಿಸಿ ತೋರಿಸಬೇಕು. ಒಂದು ಆಕಾರ ಇದ್ದಾಗ ಆರಾಮಾಗಿ ಮುಗಿಯಿತು. ಎರಡು ಬಂದಾಗ ನಿಂತುಬಿಟ್ಟೆ. ಮೂರು ರಾತ್ರಿ. ತಪ್ಪು ಗೆರೆ ಎಳೆದರೆ ಆಟದಲ್ಲಿ ಕೆಲವು ಫಲಕಗಳು ಆರಿಹೋಗುತ್ತವೆ, ಹಿಂದಿನ ಫಲಕಕ್ಕೆ ಹೋಗಿ ಅದನ್ನು ಮತ್ತೆ ಬಿಡಿಸಿ ಬರಬೇಕು. ಎರಡನೇ ರಾತ್ರಿ ಲ್ಯಾಪ್‌ಟಾಪನ್ನು ಪಟ್ ಅಂತ ಮುಚ್ಚಿದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಬಂದು ನೋಡಿದರು.

ಮೂರನೇ ರಾತ್ರಿ ಬಿಸ್ಕೆಟ್ ಡಬ್ಬದ ರಟ್ಟು ಕತ್ತರಿಸಿ ಆ ಆಕಾರಗಳನ್ನು ಮಾಡಿಕೊಂಡೆ. ಲೆಕ್ಕದ ಹಾಳೆಯ ಹಿಂದೆ ಚೌಕಳಿ ಬರೆದೆ. ಎರಡೂ ಗುರುತು ಒಂದೇ ಮೂಲೆಯ ಹತ್ತಿರ ಇದ್ದವು. ಮೊದಲು ಮೂಲೆಯ ಆಕಾರ ಇಟ್ಟೆ, ಪಟ್ಟಿಗೆ ಜಾಗವಿಲ್ಲ. ಪಟ್ಟಿ ಇಟ್ಟೆ, ಮೂಲೆಗೆ ಜಾಗವಿಲ್ಲ. ಇಡಬಹುದಾದ ಕಡೆಯೆಲ್ಲ ಇಟ್ಟು ಒಂದೊಂದಕ್ಕೂ ಗೀಟು ಹಾಕಿದೆ. ಎಲ್ಲವೂ ಮುಗಿದವು. ಎರಡು ಆಕಾರವನ್ನು ಬೇರೆಬೇರೆಯಾಗಿ ಇಡಲು ಈ ಫಲಕದಲ್ಲಿ ಸಾಧ್ಯವೇ ಇಲ್ಲ ಅಂತ ಖಾತ್ರಿಯಾಯಿತು. ಆಗ ತಲೆಯಲ್ಲಿ ಒಂದು ಪ್ರಶ್ನೆ ಬಂತು. ಬೇರೆಬೇರೆಯಾಗಿ ಇಡಬೇಕು ಅಂತ ಯಾರು ಹೇಳಿದ್ದು?

ಆಟ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ. ಎರಡೂ ರಟ್ಟನ್ನು ಅಂಟಿಸಿ ಇಟ್ಟರೆ ಏಳು ಮನೆಯ ಒಂದೇ ಜಾಗ. ಅದರ ಸುತ್ತ ಗೆರೆ ಎಳೆದೆ. ಫಲಕ ಬೆಳಗಿತು, ಪಕ್ಕದ ಫಲಕಕ್ಕೆ ವೈರಿನಲ್ಲಿ ಬೆಳಕು ಹರಿಯಿತು. ಆ ಕ್ಷಣದಲ್ಲಿ ಎದ್ದು ನಿಂತಿದ್ದೆ, ಕೈ ಸ್ವಲ್ಪ ನಡುಗುತ್ತಿತ್ತು. ನಾನು ಹೆಚ್ಚಿಸಿ ಹೇಳುತ್ತಿಲ್ಲ. ಆಟದಲ್ಲಿ ನನಗೆ ಹೊಸ ಆಯುಧ ಸಿಕ್ಕಿರಲಿಲ್ಲ, ದುಡ್ಡು ಸಿಕ್ಕಿರಲಿಲ್ಲ, ಬಾಗಿಲ ಬೀಗದಕೈಯೂ ಸಿಕ್ಕಿರಲಿಲ್ಲ. ನಿನ್ನೆ ಇದ್ದ ಫಲಕವೇ ಇವತ್ತೂ ಇತ್ತು, ಅದನ್ನು ನೋಡುತ್ತಿದ್ದ ರೀತಿ ಮಾತ್ರ ಬದಲಾಗಿತ್ತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರೆಯುವ ಹಾಗೆ ಎರಡು ಕಾಲಂ. ಎಡಗಡೆ 'ಆಟ ತೋರಿಸಿದ್ದು', ಬಲಗಡೆ 'ನಾನು ಅಂದುಕೊಂಡಿದ್ದು'. ಸಿಕ್ಕಿಹಾಕಿಕೊಂಡ ಕೂಡಲೇ ಆಟ ನಿಲ್ಲಿಸಿ ಇದನ್ನು ತುಂಬುತ್ತೇನೆ. ಎಡಗಡೆ ತುಂಬುವುದು ಸುಲಭ. ಬಲಗಡೆ ತುಂಬುವುದು ಬಹಳ ಕಷ್ಟ, ಯಾಕೆಂದರೆ ಅಂದುಕೊಂಡಿದ್ದು ಅಂದುಕೊಂಡ ಹಾಗೆ ಕಾಣುವುದೇ ಇಲ್ಲ, ನಿಜದ ಹಾಗೇ ಕಾಣುತ್ತದೆ. ಅದಕ್ಕೇ ಎಡಗಡೆ ಬರೆದ ಪ್ರತಿ ಸಾಲಿನ ಮುಂದೂ 'ಇದನ್ನು ಯಾವ ಫಲಕದಲ್ಲಿ ನೋಡಿದೆ?' ಅಂತ ಕೇಳಿಕೊಳ್ಳುತ್ತೇನೆ. ವೋಚರ್ ಇಲ್ಲದ ಎಂಟ್ರಿ ಇದ್ದರೆ ಅದು ಬಲಗಡೆಗೆ ಹೋಗುತ್ತದೆ.

ಅದೇ ದ್ವೀಪದ ಕಾಡಿನ ಭಾಗದಲ್ಲಿ ಹಕ್ಕಿಯ ಕೂಗು ಕೇಳಿ ಗೆರೆ ಎಳೆಯಬೇಕು. ಸ್ವರ ಏರಿದರೆ ಮೇಲೆ, ಇಳಿದರೆ ಕೆಳಗೆ. ನಾನು ಅಲ್ಲಿಗೆ ತಲುಪಿದ್ದು ಜುಲೈನಲ್ಲಿ. ನಮ್ಮ ಮನೆಗೆ ಶೀಟಿನ ಮಾಡು, ಆ ಮಳೆಯ ಸದ್ದಿನಲ್ಲಿ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಹಕ್ಕಿ ಎಲ್ಲಿ ಕೇಳಿಸಬೇಕು? ಕಿವಿಗೆ ಹೆಡ್‌ಫೋನ್ ಹಾಕಿ, ಅದರ ಮೇಲೆ ಉಲ್ಲನ್ ಟೊಪ್ಪಿ ಎಳೆದುಕೊಂಡು ಆಡಿದೆ.

ಎಲ್ಲ ಸಿಟ್ಟೂ ಒಂದೇ ಥರ ಅಲ್ಲ. ರಟ್ಟು ಕತ್ತರಿಸಿದ ರಾತ್ರಿಯ ಸಿಟ್ಟು ನನಗೆ ಇಷ್ಟ, ಅದು ನನ್ನದು. ಇನ್ನೊಂದು ಥರ ಇದೆ. ಒಂದು ಆಟದಲ್ಲಿ ಕತ್ತಲೆ ಕೋಣೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಒತ್ತಬೇಕಿತ್ತು. ಉತ್ತರ ನನಗೆ ಮೊದಲೇ ಗೊತ್ತಿತ್ತು, ಕಬ್ಬಿಣದ ಕೊಂಡಿ ಬೇಕು. ಕೊಂಡಿ ಕಾಣಿಸಲಿಲ್ಲ ಅಷ್ಟೇ. ಎರಡು ದಿನ ಹಾಳು. ಸಿಕ್ಕಾಗ ಒಂದು ಚೂರೂ ಖುಷಿಯಾಗಲಿಲ್ಲ.

ಮೂರನೆಯದು ಇನ್ನೂ ಬೇಜಾರಿನದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮನೆಗೆ ಬಂದ ನೆಂಟರೊಬ್ಬರು ಒಗಟು ಹೇಳಿದ್ದರು, 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ'. ನಾನು ಕಾಫಿ ಹೂವು ಅಂದೆ. ತಪ್ಪು, ಮಲ್ಲಿಗೆ ಅಂದರು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುವುದನ್ನು ನೋಡಿ ಬೆಳೆದ ಮಕ್ಕಳು ಮತ್ತೇನು ಹೇಳಬೇಕು? ನನ್ನ ಉತ್ತರವೂ ಸರಿಯಾಗಿತ್ತು, ಅಲ್ವಾ? ಕೆಲವು ಆಟಗಳು ಹೀಗೇ ಮಾಡುತ್ತವೆ. ಮಾಡಿದವರ ತಲೆಯಲ್ಲಿದ್ದ ಉತ್ತರ ಬಿಟ್ಟು ಬೇರೆಯದು ಎಷ್ಟೇ ಸರಿ ಇದ್ದರೂ ಒಪ್ಪುವುದಿಲ್ಲ. ಅಂಥ ಆಟವನ್ನು ಈಗ ನಾನು ಅರ್ಧಕ್ಕೇ ಬಿಡುತ್ತೇನೆ, ನಾಚಿಕೆ ಪಡುವುದಿಲ್ಲ.

ಒಪ್ಪುವ ಆಟವೂ ಇದೆ. ಲೂಕಸ್ ಪೋಪ್ 2018ರ ಅಕ್ಟೋಬರ್‌ನಲ್ಲಿ ಬಿಟ್ಟ 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಕಳೆದುಹೋಗಿದೆ ಎಂದುಕೊಂಡಿದ್ದ ಒಂದು ಹಡಗು 1807ರಲ್ಲಿ ಇಂಗ್ಲೆಂಡಿನ ದಡಕ್ಕೆ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮೆ ಅಧಿಕಾರಿಯಾಗಿ ನಾವು ಹತ್ತಿ, ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ಪೂರ್ತಿ ಲೆಕ್ಕದ ಕೆಲಸ! ಮೂರು ಜನರ ವಿವರ ಸರಿಯಾದಾಗ ಮಾತ್ರ ಆಟ ಅದನ್ನು ಖಾಯಂ ಮಾಡುತ್ತದೆ, ಹಾಗಾಗಿ ಒಬ್ಬೊಬ್ಬರ ಮೇಲೆ ಊಹೆ ಹಾಕಿ ಗೆಲ್ಲುವುದು ಕಷ್ಟ. ಆದರೆ ಸಾವು ಎರಡು ರೀತಿ ಅರ್ಥವಾಗುವಂತಿದ್ದರೆ ಎಷ್ಟೋ ಕಡೆ ಎರಡನ್ನೂ ಸರಿ ಎನ್ನುತ್ತದೆ. ಮಲ್ಲಿಗೆಯೂ ಸರಿ, ಕಾಫಿ ಹೂವೂ ಸರಿ.

ಈ ಆಟ ಆಡಬೇಕು ಅಂತಿರುವವರು ಮುಂದಿನ ಪ್ಯಾರಾ ಬಿಟ್ಟು ಓದಿ, ದಯವಿಟ್ಟು.

ನಾವಿಕರಲ್ಲಿ ಒಂದಷ್ಟು ಜನ ಯಾರೆಂದು ತಿಳಿಯದೆ ನಾನು ವಾರಗಟ್ಟಲೆ ನಿಂತಿದ್ದೆ. ಮುಖ ನೋಡಿದೆ, ಬಟ್ಟೆ ನೋಡಿದೆ. ಅಮ್ಮ ಬಟಾಣಿ ಸುಲಿಯುತ್ತಾ ಪಕ್ಕದಲ್ಲಿ ಕೂತಿದ್ದರು. ಹಡಗಿನ ಒಳಗೆ ಜನ ಜೋಲಿಗಳಲ್ಲಿ ಮಲಗಿರುವ ದೃಶ್ಯ ಪರದೆಯ ಮೇಲಿತ್ತು. 'ಏನೇ ಅದು, ಜೋಲಿಗೆ ನಂಬರ್ ಕಟ್ಟಿದಾರಲ್ಲೇ' ಅಂದರು. ಅಪ್ಪ ತೋಟದಲ್ಲಿ ರೈಟರಾಗಿ ಆಳುಗಳ ಲೆಕ್ಕ ಬರೆಯುತ್ತಿದ್ದವರು. ಪ್ರತಿ ಆಳಿಗೂ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಒಂದು ನಂಬರ್, ಹಣ್ಣು ತೂಗುವಾಗ ಚೀಲಕ್ಕೂ ಅದೇ ನಂಬರ್. ಅಮ್ಮನಿಗೆ ಅದು ಮೂವತ್ತು ವರ್ಷ ನೋಡಿದ ವಿಷಯ. ಆಟದ ಪುಸ್ತಕದ ಮೊದಲಲ್ಲೇ ಹಡಗಿನವರ ಪಟ್ಟಿ ಇದೆ, ಪ್ರತಿ ಹೆಸರಿನ ಮುಂದೆ ಸಂಖ್ಯೆ ಇದೆ. ನಾನು ಅದನ್ನು ಬರೀ ಕ್ರಮಸಂಖ್ಯೆ ಅಂದುಕೊಂಡಿದ್ದೆ. ಬಲಗಡೆ ಕಾಲಂ! ಆ ರಾತ್ರಿ ಹನ್ನೊಂದೂವರೆವರೆಗೆ ಅಮ್ಮ ನಂಬರ್ ಓದಿದರು, ನಾನು ಹೆಸರು ಹಾಕಿದೆ. ಬಟಾಣಿ ಅರ್ಧ ಸುಲಿದಂತೆಯೇ ಉಳಿಯಿತು.

ಸುಳಿವಿನ ವಿಷಯಕ್ಕೆ ಬರುತ್ತೇನೆ. 'ದಿ ವಿಟ್ನೆಸ್'ನಲ್ಲಿ ಫಲಕಗಳ ಆಚೆಗೆ ಒಂದು ದೊಡ್ಡ ಗುಟ್ಟಿದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ನನ್ನ ತಮ್ಮ ಫೋನಿನಲ್ಲಿ, 'ಅಕ್ಕ, ನೀನಿನ್ನೂ ಅದನ್ನ ನೋಡಿಲ್ವಾ?' ಅಂತ ಶುರು ಮಾಡಿ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದನ್ನು ನಾನಾಗಿ ಕಾಣುವ ಅವಕಾಶ ಜನ್ಮಕ್ಕೆ ಒಂದೇ ಸಲ ಇತ್ತು, ಅದು ಹೋಯಿತು. ನನಗೆ ಇವತ್ತಿಗೂ ಅದು ನೋವು. ಆಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಆಯಿತು. ನಾನು ಕೇಳುವ ಪ್ರಶ್ನೆಗೆ ಅವನು 'ಹೌದು', 'ಅಲ್ಲ' ಇಷ್ಟೇ ಹೇಳಬೇಕು. ಒಂದು ಒಗಟಿಗೆ ಮೂರೇ ಪ್ರಶ್ನೆ. 'ಬೇಕಾದ್ದೆಲ್ಲ ನನ್ನ ಕಣ್ಣ ಮುಂದೆ ಇದೆಯಾ?' ಅನ್ನೋದು ನಾನು ಕೇಳುವ ಮೊದಲ ಪ್ರಶ್ನೆ. ಎಷ್ಟೋ ಸಲ ಅದೊಂದೇ ಸಾಕಾಗುತ್ತದೆ. 'ಹೌದು' ಅಂದರೆ ಧೈರ್ಯವಾಗಿ ಕೂರಬಹುದು. 'ಅಲ್ಲ' ಅಂದರೆ ಬೇರೆ ಕಡೆ ತಿರುಗಾಡಬಹುದು.

ಇನ್ನೊಂದು ನಾನು ಕಲಿತದ್ದು, ಎದ್ದು ಹೋಗುವುದು. 'ಬಾಬಾ ಈಸ್ ಯೂ' ಆಟವನ್ನು ನಾನು ಫೋನಿನಲ್ಲಿ ಆಡುತ್ತೇನೆ. ಫಿನ್‌ಲೆಂಡಿನ ಅರ್ವಿ ಟೇಕಾರಿ 2017ರಲ್ಲಿ ಒಂದು ಗೇಮ್ ಜಾಮ್‌ನಲ್ಲಿ, ಅಂದರೆ ಕಡಿಮೆ ಸಮಯದಲ್ಲಿ ಆಟ ಮಾಡಿ ತೋರಿಸುವ ಕೂಟದಲ್ಲಿ, ಇದರ ಮೊದಲ ರೂಪ ಮಾಡಿದರು, ಪೂರ್ತಿ ಆಟ 2019ರಲ್ಲಿ ಬಂತು. ಇದರಲ್ಲಿ ನಿಯಮಗಳೇ ಪೆಟ್ಟಿಗೆಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ. 'ವಾಲ್', 'ಈಸ್', 'ಸ್ಟಾಪ್' ಮೂರು ಪದ ಸಾಲಾಗಿದ್ದರೆ ಗೋಡೆ ತಡೆಯುತ್ತದೆ. ಒಂದು ಪದವನ್ನು ತಳ್ಳಿ ಸಾಲು ಮುರಿದರೆ ಗೋಡೆಯೊಳಗೆ ನಡೆದುಹೋಗಬಹುದು. 'ವಾಲ್ ಈಸ್ ಯೂ' ಮಾಡಿದರೆ ನಾವೇ ಗೋಡೆ. ಬಾಬಾ ಅನ್ನೋದು ಆಟದಲ್ಲಿ ನಾವು ನಡೆಸುವ ಪುಟ್ಟ ಪ್ರಾಣಿ. ಕನ್ನಡದಲ್ಲಿ 'ಬಾಬಾ ನೀನು' ಅಂದರೆ ಸಾಕು, ನಡುವಿನ ಪದ ಬೇಕೇ ಇಲ್ಲ. ಎರಡೇ ಪೆಟ್ಟಿಗೆಯಲ್ಲಿ ಈ ಆಟ ಹೇಗಿರುತ್ತಿತ್ತು ಅಂತ ನನಗೆ ಬಹಳ ಕುತೂಹಲ.

ಪೆಟ್ಟಿಗೆ ತಳ್ಳುವ ಆಟ ಹೊಸದೇನಲ್ಲ, ಜಪಾನಿನ ಸೋಕೋಬಾನ್ 1982ರಲ್ಲೇ ಬಂದಿತ್ತು. ತಳ್ಳಬಹುದು, ಎಳೆಯಲಾಗದು. ಮೂಲೆಗೆ ಹೋದ ಪೆಟ್ಟಿಗೆ ವಾಪಸ್ ಬರುವುದಿಲ್ಲ. ಬಾಬಾದಲ್ಲಿ ಎಷ್ಟು ಹೆಜ್ಜೆ ಬೇಕಾದರೂ ಹಿಂದಕ್ಕೆ ಹೋಗಬಹುದಾದ್ದರಿಂದ ಹೆದರಿಕೆಯಿಲ್ಲ. ಒಮ್ಮೆ ಆಫೀಸಿನ ಕೆಲಸಕ್ಕೆ ಹಾಸನಕ್ಕೆ ಹೊರಟಿದ್ದೆ. ಬೇಲೂರು ಬರುವವರೆಗೂ ಒಂದೇ ಹಂತದಲ್ಲಿ ಒದ್ದಾಡಿ ಫೋನ್ ಬ್ಯಾಗಿಗೆ ಹಾಕಿದೆ. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಕಡಲೆಕಾಯಿ ಮಾರುವವರು ಕಿಟಕಿಯ ಹತ್ತಿರ ಬಂದರು, ಚಿಲ್ಲರೆ ಹುಡುಕುತ್ತಿದ್ದೆ. ಆಗ ಹೊಳೆಯಿತು, ಬಂಡೆಯನ್ನು ಗೆಲುವಿನ ಬಾವುಟದ ಹತ್ತಿರ ಒಯ್ಯಬೇಕಿಲ್ಲ, 'ವಿನ್' ಪದವನ್ನೇ ಬಂಡೆಗೆ ಜೋಡಿಸಬಹುದು. ಬಾವುಟ ಮುಟ್ಟಿದರೇ ಗೆಲುವು ಅಂತ ಮತ್ತೆ ನಾನೇ ಅಂದುಕೊಂಡಿದ್ದೆ. ಕಡಲೆಕಾಯಿ ಮಡಿಲಲ್ಲಿಟ್ಟುಕೊಂಡು ಫೋನ್ ತೆಗೆದೆ. ದಾರಿಯಲ್ಲಿ ಸಿಗುವ ಹಗರೆ ದಾಟುವ ಮೊದಲೇ ಹಂತ ಮುಗಿಯಿತು.

ಈಗ ಸಿಕ್ಕಿಹಾಕಿಕೊಂಡಿರುವುದು 2016ರ 'ಸ್ಟೀಫನ್ಸ್ ಸಾಸೇಜ್ ರೋಲ್'ನಲ್ಲಿ. ಕೈಯಲ್ಲಿ ಉದ್ದದ ಫೋರ್ಕ್. ಎರಡು ಮನೆ ಅಗಲದ ಸಾಸೇಜನ್ನು ಕೆಂಡದ ಮೇಲೆ ಉರುಳಿಸಿ ಎರಡೂ ಮಗ್ಗುಲು ಸುಡಬೇಕು. ಒಂದೊಂದು ಜಾಗ ಒಂದೇ ಸಲ ಸುಡಬೇಕು, ಎರಡನೇ ಸಲ ತಗುಲಿದರೆ ಸೀದುಹೋಗುತ್ತದೆ. ಹನ್ನೊಂದು ದಿನವಾಯಿತು. ಅಮ್ಮ ಹೋಗುತ್ತಾ ಬರುತ್ತಾ, 'ಆ ಕಡೆ ಮಗ್ಗುಲು ಇನ್ನೂ ಹಸಿ ಇದೆ ಕಣೇ' ಅನ್ನುತ್ತಾರೆ. ತಮ್ಮನಿಗೆ ಒಂದು ಪ್ರಶ್ನೆ ಕೇಳಿದ್ದೇನೆ, 'ಹೌದು' ಅಂದಿದ್ದಾನೆ. ಇನ್ನೆರಡು ಉಳಿಸಿಕೊಂಡಿದ್ದೇನೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಆರು ಸಾಲಿವೆ. ಬಲಗಡೆ ಇನ್ನೂ ಖಾಲಿ.