ಮಹಿಳಾ ಕಾಲೇಜಾ, ಹುಡುಗರೂ ಇರುವ ಕಡೆಯಾ? ಅರ್ಜಿ ಬರೆಯುವ ಮೊದಲು ನೋಡಬೇಕಾದದ್ದು

ನಾನು ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ ಓದಿದ್ದು ಮಹಿಳಾ ಕಾಲೇಜಿನಲ್ಲಿ. ಎಂ.ಕಾಂ ಓದಿದ್ದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ. ಆದರೆ ನನಗೆ ಬೇಕಾಗಿದ್ದದ್ದು ಗಣಿತ. ಪಿಯುಸಿಯಲ್ಲಿ ಸೈನ್ಸ್ ಓದಿದವಳು ನಾನು. "ಹೆಣ್ಣುಮಕ್ಕಳ ಕಾಲೇಜಾದ್ರೆ ಮಾತ್ರ ಕಳಿಸ್ತೀನಿ" ಅಂತ ಅಪ್ಪ ಹೇಳಿಬಿಟ್ಟಿದ್ದರು. ಸೇರಿಸಲು ಹೋದ ದಿನವೇ ಗೊತ್ತಾಯಿತು, ಅಲ್ಲಿ ಬಿ.ಎಸ್ಸಿ ಇಲ್ಲವೇ ಇಲ್ಲ. ಅಪ್ಪ ಅರ್ಜಿಯಲ್ಲಿ ಬಿ.ಎಸ್ಸಿ ಹೊಡೆದುಹಾಕಿ ಪಕ್ಕದಲ್ಲೇ ಬಿ.ಕಾಂ ಬರೆದರು. ಆ ನೀಲಿ ಗೆರೆ ಈಗಲೂ ನನ್ನ ಕಣ್ಣ ಮುಂದಿದೆ.

ಹೋದ ವರ್ಷ ಅಕ್ಕನ ಮಗಳ ಪಿಯುಸಿ ಮುಗಿಯಿತು. ಹಾಗಾಗಬಾರದು ಅಂತ ಅವಳನ್ನೂ ಭಾವನನ್ನೂ ಕರೆದುಕೊಂಡು ಮೂರು ಕಾಲೇಜು ಸುತ್ತಿದೆ.

ಮೊದಲು ವಿಷಯ ನೋಡಿ. ಹುಡುಗರು ಇದ್ದಾರಾ ಇಲ್ವಾ ಅನ್ನುವುದು ಆಮೇಲಿನ ಮಾತು. ಡಿಗ್ರಿ ಪ್ರವೇಶದ ಸರ್ಕಾರಿ ಜಾಲತಾಣ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕುವ ಮುಂಚೆ ನಿಮಗೆ ಬೇಕಾದ ಕಾಂಬಿನೇಷನ್ ಅಲ್ಲಿ ನಿಜವಾಗಿ ನಡೆಯುತ್ತಿದೆಯಾ ಕೇಳಿ. ಆಫೀಸಿನಲ್ಲಿ ಕೇಳಿದರೆ "ಇದೆ" ಅನ್ನುತ್ತಾರೆ. ಕೊನೆಯ ವರ್ಷದ ಹುಡುಗಿಯರನ್ನು ಕೇಳಿ: ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ? ಪಾಠ ಶುರುವಾಗಿದ್ದು ಯಾವ ತಿಂಗಳು? ಅತಿಥಿ ಉಪನ್ಯಾಸಕರು ಯಾವಾಗ ಬಂದರು? ಲ್ಯಾಬಿನ ಬಾಗಿಲು ತೆಗೆಸಿ ಒಳಗೆ ಹೋಗಿ. ಒಂದು ಕಡೆ ಸಿಂಕಿನ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬಂತು. ಸ್ಟೂಲಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಧೂಳು. ನಮ್ಮ ಹುಡುಗಿ ನನ್ನ ಮುಖ ನೋಡಿದಳು, ಇಬ್ಬರೂ ಹೊರಗೆ ಬಂದೆವು.

ಆಮೇಲೆ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟಿನ ಚಿಂತೆ ಇಲ್ಲ. ಚಿಂತೆ ಇರುವುದು ಹೊತ್ತಿನದು. ಕೊನೆಯ ಪ್ರಾಕ್ಟಿಕಲ್ ಎಷ್ಟಕ್ಕೆ ಬಿಡುತ್ತದೆ, ಅಲ್ಲಿಂದ ಬಸ್‌ಸ್ಟ್ಯಾಂಡ್ ಎಷ್ಟು ದೂರ, ತೆಕ್ಕಲಕೋಟೆ ದಾಟಿ ಊರು ಸೇರುವಾಗ ಕತ್ತಲಾಗಿರುತ್ತದಾ? ಒಂದು ಸಂಜೆ ಸುಮ್ನೆ ಆ ಹೊತ್ತಿಗೇ ಹೊರಟು ನೋಡಿ. ಆಗುವುದಿಲ್ಲ ಅನ್ನಿಸಿದರೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ಲಿಗೆ ಬೇರೆಯಾಗಿ ಅರ್ಜಿ ಹಾಕಬೇಕು, ಮರೆಯಬೇಡಿ.

ಮಾರ್ಕ್ಸ್ ಕಾರ್ಡ್ ಯಾವ ಯೂನಿವರ್ಸಿಟಿಯದು ಅಂತಲೂ ಕೇಳಿ. ನಮ್ಮ ಕಡೆಯ ಅನೇಕ ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು 2003ರಲ್ಲಿ ಶುರುವಾಗಿದ್ದು. ಬಳ್ಳಾರಿಯದು 2010ರದು. ಎರಡೂ ಸರ್ಕಾರದವೇ, ಡಿಗ್ರಿಯ ಬೆಲೆಯಲ್ಲಿ ಹೆಚ್ಚುಕಮ್ಮಿ ಇಲ್ಲ. ಆದರೆ ಕಾರ್ಡಿನಲ್ಲಿ ಹೆಸರು ತಪ್ಪಾಗಿ, ಖುದ್ದಾಗಿ ಹೋಗಿ ಸರಿಮಾಡಿಸಬೇಕಾಗಿ ಬಂದರೆ ವಿಜಯಪುರಕ್ಕೆ ತುಂಗಭದ್ರೆ, ಕೃಷ್ಣೆ ಎರಡೂ ದಾಟಿ ಹೋಗಬೇಕು.

ಇನ್ನು ಎಲ್ಲರೂ ಕೇಳುವ ಮಾತಿಗೆ ಬರುತ್ತೇನೆ. ಮಹಿಳಾ ಕಾಲೇಜಿನಲ್ಲಿ ವಾರ್ಷಿಕೋತ್ಸವಕ್ಕೆ ಏಣಿ ಹತ್ತಿ ಪರದೆ ಕಟ್ಟಿದ್ದು ನಾನು. ಶಾಮಿಯಾನದವರ ಹತ್ತಿರ ಚೌಕಾಸಿ ಮಾಡಿದ್ದು, ಮೈಕ್ ಹಿಡಿದದ್ದು, ಬೆಂಚು ಹೊತ್ತದ್ದು ಎಲ್ಲ ನಾವೇ. ಮಾಡಿಕೊಡಲು ಹುಡುಗರು ಇರಲಿಲ್ಲವಲ್ಲ! ಯೂನಿವರ್ಸಿಟಿಗೆ ಹೋದಾಗ ಮೊದಲ ದಿನದಿಂದಲೇ ಪ್ರಶ್ನೆ ಕೇಳುತ್ತಿದ್ದೆ. ಹುಡುಗರ ಜೊತೆಗೇ ಡಿಗ್ರಿ ಮುಗಿಸಿ ಬಂದಿದ್ದ ಗೆಳತಿಯರು ಉತ್ತರ ಗೊತ್ತಿದ್ದರೂ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಆದರೆ ಸೆಮಿನಾರಿಗೆ ಹುಡುಗರ ಜೊತೆ ಗುಂಪು ಮಾಡಿದಾಗ ನನ್ನ ಬಾಯಿ ಕಟ್ಟಿಹೋಯಿತು. ಅದು ಬಿಡಲು ಒಂದು ಸೆಮಿಸ್ಟರೇ ಬೇಕಾಯಿತು. ಇವತ್ತು ಮಿಲ್ಲಿನಲ್ಲಿ ಲಾರಿ ಡ್ರೈವರು, ಹಮಾಲರು, ದಲಾಲರ ಜೊತೆ ತೂಕದ ವಿಷಯಕ್ಕೆ ನಿಂತು ವಾದ ಮಾಡುತ್ತೇನಲ್ಲ, ಅದು ಆ ಎರಡು ವರ್ಷದಲ್ಲಿ ಬಂದದ್ದು.

ಅದಕ್ಕೇ ನನ್ನ ಲೆಕ್ಕ ಹೀಗೆ: ಬೇಕಾದ ವಿಷಯ ಸಿಗುವುದಾದರೆ ಡಿಗ್ರಿ ಮಹಿಳಾ ಕಾಲೇಜಿನಲ್ಲಿ, ಪಿಜಿ ಎಲ್ಲರೂ ಇರುವ ಕಡೆ. ವಿಷಯ ಸಿಗದಿದ್ದರೆ ಈ ಲೆಕ್ಕ ಬಿಟ್ಟುಬಿಡಿ. ನನ್ನ ಮಾತು ನಂಬುವುದಕ್ಕಿಂತ ಒಂದು ದಿನ ಕಾಲೇಜಿನಲ್ಲಿ ಕೂತು ನೋಡಿ. ಕ್ಲಾಸಿನಲ್ಲಿ ಕೈ ಎತ್ತುವವರು ಯಾರು? ಲೈಬ್ರರಿಯಲ್ಲಿ ಹುಡುಗಿಯರು ಎಷ್ಟು ಹೊತ್ತಿನ ತನಕ ಕೂರುತ್ತಾರೆ? ಶೌಚಾಲಯದಲ್ಲಿ ನೀರಿದೆಯಾ?

ಮನೆಯವರ ಭಯವನ್ನು ತಳ್ಳಿಹಾಕಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿ ಪ್ರತಿ ಕಾಲೇಜಿನಲ್ಲೂ ಇರಬೇಕು. ಮಹಿಳಾ ಕಾಲೇಜಿನಲ್ಲೂ ಅಷ್ಟೇ, ಅಲ್ಲೂ ಗಂಡಸರು ಕೆಲಸ ಮಾಡುತ್ತಾರೆ ಅಲ್ವಾ? ಸಮಿತಿಯವರ ಹೆಸರು, ಫೋನ್ ನಂಬರ್ ಬರೆದ ಬೋರ್ಡ್ ಎಲ್ಲಿದೆ ಅಂತ ಕೇಳಿ. ನಮ್ಮ ಭಾವ ಆ ಬೋರ್ಡಿನ ಮುಂದೆ ನಿಂತು ನಂಬರ್‌ಗಳನ್ನು ಮೊಬೈಲಿಗೆ ಹಾಕಿಕೊಂಡರು. ಹುಡುಗರೂ ಇರುವ ಕಾಲೇಜು ಅದು. ಅಲ್ಲಿಯವರೆಗೆ "ಬೇಡ" ಅನ್ನುತ್ತಿದ್ದವರು, ಹೊರಗೆ ಬಂದು ಚಹಾ ಕುಡಿಯುತ್ತಾ ಫೀಸು ಯಾವತ್ತು ಕಟ್ಟಬೇಕು ಅಂತ ಕೇಳಿದರು.

ಹೊರಡುವ ಮುಂಚೆ ಇನ್ನೊಂದು ಮಾತು. ಪಿಜಿಗೆ ಹೋಗುವವರು ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿಯಡಿ ಕೊಡುವ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಯೂನಿವರ್ಸಿಟಿಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು ಮೀಸಲು. ವಿಜಯಪುರ ಆ ಏಳರಲ್ಲಿ ಬರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಬರುತ್ತವೆ.