ನಮ್ಮ ಟ್ರಸ್ಟಿನ ಫೈಲುಗಳು ಒಂದೇ ಕಡೆ ಸೇರಿದ್ದು ಹೀಗೆ

ಕುಷ್ಟಗಿಯ ನಮ್ಮ ಟ್ರಸ್ಟಿನ ಲೆಕ್ಕ, ಫೋಟೊ, ವರದಿ ಎಲ್ಲಾ ಒಬ್ಬೊಬ್ಬರ ಸ್ವಂತ ಜಿಮೇಲ್‌ನಲ್ಲಿತ್ತು. ಕೆಲಸ ಬಿಟ್ಟವರ ಹಿಂದೆ ಫೈಲೂ ಹೋಗುತ್ತಿತ್ತು. ದುಡ್ಡು ಕಟ್ಟಿ ಗೂಗಲ್ ವರ್ಕ್‌ಸ್ಪೇಸ್ (ಇಡೀ ಸಂಸ್ಥೆಗೆ ಮೇಲ್, ಡ್ರೈವ್ ಕೊಡುವ ಸೇವೆ) ಪ್ಯಾಕೇಜ್ ತಗೊಳ್ಳೋಣ ಅಂದುಕೊಂಡಾಗ ರಾಯಚೂರಿನ ಗೆಳೆಯರೊಬ್ಬರು ತಡೆದರು: "ಸುಮ್ನೆ ಯಾಕ್ರೀ ರೊಕ್ಕ ಹಾಕ್ತೀರಿ? ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್‌ಗೆ ಅರ್ಜಿ ಹಾಕ್ರಿ, ಪುಕ್ಕಟೆ ಐತಿ."

ಲಾಭಕ್ಕಲ್ಲದೆ ಕೆಲಸ ಮಾಡುವ ಸಂಸ್ಥೆಗಳಿಗೆ ಗೂಗಲ್‌ನ ಯೋಜನೆ ಅದು. ಹಾಕಿದೆವು. ಅರ್ಜಿ ವಾಪಸ್ ಬಂತು!

ಕಾಗದಗಳನ್ನೆಲ್ಲ ಟೇಬಲ್ ಮೇಲೆ ಹರಡಿ ಒಂದೊಂದೇ ಅಕ್ಷರ ನೋಡಿದೆ. ಟ್ರಸ್ಟ್ ಡೀಡ್ ಇರುವುದು ಕನ್ನಡದಲ್ಲಿ. ಲೆಟರ್‌ಹೆಡ್‌ನ ಇಂಗ್ಲಿಷ್ ಹೆಸರೇ ಒಂದು, ಪ್ಯಾನ್ ಕಾರ್ಡಿನದೇ ಇನ್ನೊಂದು. ಒಂದು 'ಎಚ್' ಅಕ್ಷರದ ವ್ಯತ್ಯಾಸ, ಅಷ್ಟೇ. ಪ್ಯಾನ್ ಮತ್ತು 12ಎ ಪತ್ರದಲ್ಲಿ (ಟ್ರಸ್ಟಿನ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಪತ್ರ) ಇದ್ದ ಹೆಸರನ್ನೇ ಹಾಗ್ಹಾಗೇ ಟೈಪ್ ಮಾಡಿ, 12ಎ ಪ್ರತಿ ಸೇರಿಸಿ ಮತ್ತೆ ಕಳಿಸಿದೆ. ಒಪ್ಪಿಗೆ ಬಂತು.

ವರ್ಕ್‌ಸ್ಪೇಸ್‌ಗೆ ಸ್ವಂತ ಡೊಮೇನ್ (ಇಂಟರ್ನೆಟ್‌ನಲ್ಲಿ ಸಂಸ್ಥೆಯದೇ ವಿಳಾಸದ ಹೆಸರು) ಬೇಕು, ಅದಕ್ಕೆ ಮಾತ್ರ ವರ್ಷಾ ವರ್ಷಾ ದುಡ್ಡು. ಎಲ್ಲಾ ಫೈಲನ್ನೂ ಶೇರ್ಡ್ ಡ್ರೈವ್‌ಗೇ ಹಾಕಿ, ಒಬ್ಬೊಬ್ಬರ ಸ್ವಂತ 'ಮೈ ಡ್ರೈವ್' ಬೇಡ. ಶೇರ್ಡ್ ಡ್ರೈವ್‌ನಲ್ಲಿರುವುದು ಸಂಸ್ಥೆಯದು, ಹಾಕಿದವರು ಕೆಲಸ ಬಿಟ್ಟರೂ ಅಲ್ಲೇ ಉಳಿಯುತ್ತದೆ. ನಮಗೆ ಬೇಕಿದ್ದದ್ದು ಅದೇ ಅಲ್ವಾ?

ಅಂದಹಾಗೆ, ಪೋಸ್ಟರ್ ಮಾಡುವ ಕ್ಯಾನ್ವಾದ ದುಡ್ಡಿನ ಸೌಲಭ್ಯಗಳೂ ಇಂಥ ಸಂಸ್ಥೆಗಳಿಗೆ 50 ಜನರವರೆಗೆ ಪುಕ್ಕಟೆ. ನಮ್ಮ ಹುಡುಗರಿಗೆ ಅದೇ ಜಾಸ್ತಿ ಖುಷಿ.